ಪಾವು, ಕುಕ್ಕರ್ ಕಪ್, ತಕ್ಕಡಿ: ಅಕ್ಕಿಗೆ ಯಾವ ಅಳತೆ?

ಅಮೆರಿಕದಲ್ಲಿರುವ ತಂಗಿಗೆ ಫೋನಿನಲ್ಲಿ ಬಿಸಿಬೇಳೆ ಬಾತ್ ಹೇಳಿಕೊಟ್ಟೆ. "ಒಂದು ಪಾವು ಅಕ್ಕಿ ಹಾಕು ಕಣೇ" ಅಂದೆ. ಅವಳ ಹತ್ತಿರ ಪಾವು ಇಲ್ಲ. ರೈಸ್ ಕುಕ್ಕರ್ ಜೊತೆ ಬಂದ ಪ್ಲಾಸ್ಟಿಕ್ ಕಪ್ಪಿನಲ್ಲಿ ಒಂದು ಅಳೆದು ಹಾಕಿದಳು. ಬೇಳೆ, ಹುಣಸೆಹಣ್ಣು, ಪುಡಿ ಎಲ್ಲ ನಾನು ಹೇಳಿದಷ್ಟೇ. ಬಾತ್ ನೀರುನೀರಾಯಿತು, ಹುಳಿ ಜಾಸ್ತಿ. ಅವಳು ತುಂಬ ಬೇಜಾರು ಮಾಡಿಕೊಂಡಳು. ನನಗೂ ಸಂಕಟವಾಯಿತು.

ಮುಂದಿನ ಭಾನುವಾರ ಅಜ್ಜಿಯ ಹಿತ್ತಾಳೆ ಪಾವು, ನಮ್ಮ ಮನೆಯ ಕುಕ್ಕರ್ ಕಪ್, ಡಿಜಿಟಲ್ ತಕ್ಕಡಿ ಮೂರನ್ನೂ ಮುಂದಿಟ್ಟುಕೊಂಡು ಕೂತೆ. ಮೊದಲು ನೀರು ತುಂಬಿಸಿ ತೂಗಿದೆ. ಪಾವಿಗೆ 240 ಗ್ರಾಂ, ಅಂದರೆ 240 ಎಂಎಲ್. ಕಪ್ಪಿಗೆ 180. ತಂಗಿಯ ಬಾತ್ ಕೆಟ್ಟಿದ್ದು ಇಲ್ಲೇ. ಕಾಲು ಭಾಗ ಅಕ್ಕಿ ಕಡಿಮೆ ಬಿದ್ದಿತ್ತು.

ಆಮೇಲೆ ಅಕ್ಕಿ. ಸೋನಾ ಮಸೂರಿಯನ್ನು ಪಾವಿಗೆ ತುಂಬಿಸಿ, ತಲೆಯನ್ನು ಬೆರಳಲ್ಲಿ ಒರಸಿ, ಮೂರು ಸಲ ತೂಗಿದೆ. 201, 198, 203. ಪಾವನ್ನು ನೆಲಕ್ಕೆ ಎರಡು ಸಲ ಕುಟ್ಟಿದರೆ ಅಕ್ಕಿ ಕೆಳಗೆ ಇಳಿಯುತ್ತದೆ, ಇನ್ನೊಂದು ಹಿಡಿ ಹಿಡಿಯುತ್ತದೆ. ಆಗ 214. ಅಜ್ಜಿ ಅಳೆಯುತ್ತಿದ್ದ ಹಾಗೆ ಗೋಪುರ ಕಟ್ಟಿ ಅಳೆದರೆ 241! ಒಂದೇ ಪಾವು, ಒಂದೇ ಅಕ್ಕಿ, ನಲವತ್ತು ಗ್ರಾಂ ವ್ಯತ್ಯಾಸ. ಅಕ್ಕಿ ಬದಲಾದರೂ ತೂಕ ಬದಲಾಗುತ್ತದೆ. ಉದ್ದ ಕಾಳಿನ ಬಾಸ್ಮತಿ ನಡುವೆ ಸಂದು ಬಿಡುತ್ತದೆ, ಅದಕ್ಕೇ 188. ಜೀರಗೆ ಸಣ್ಣ ಒತ್ತಾಗಿ ಕೂರುತ್ತದೆ, 208.

ಕುಕ್ಕರ್ ಕಪ್ ಜಪಾನಿನ 'ಗೋ' ಅನ್ನುವ ಹಳೆಯ ಅಳತೆಯಿಂದ ಬಂದದ್ದು. ಸುಮಾರು 150 ಗ್ರಾಂ ಅಕ್ಕಿ ಹಿಡಿಯುತ್ತದೆ. ಪಾತ್ರೆಯ ಒಳಗಿನ ಗೆರೆಗಳು ಆ ಕಪ್ಪಿಗೆ ಮಾತ್ರ ಹೊಂದುತ್ತವೆ. ಮೂರು ಪಾವು ಅಕ್ಕಿ ಹಾಕಿ '3' ಗೆರೆಯವರೆಗೆ ನೀರು ಬಿಟ್ಟರೆ ಅನ್ನ ಕಾಳುಕಾಳಾಗಿ ಉಳಿಯುತ್ತದೆ. ರೈಸ್ ಕುಕ್ಕರ್ ಇದ್ದವರು ಆ ಕಪ್ಪನ್ನು ಕಳೆದುಕೊಳ್ಳಬೇಡಿ. ಬೇರೆ ಕೆಲಸಕ್ಕೆ ಅದು ಬೇಡ.

ದಿನದ ಅನ್ನಕ್ಕೆ ನನ್ನ ಓಟು ಪಾವಿಗೇ. ಅಕ್ಕಿ ಅಳೆದ ಪಾವಿನಲ್ಲೇ ನೀರನ್ನೂ ಅಳೆಯುತ್ತೇವೆ ಅಲ್ವಾ, ಹಾಗಾಗಿ ಗ್ರಾಂ ಲೆಕ್ಕ ಬೇಕೇ ಇಲ್ಲ. ನಮ್ಮ ಪ್ರೆಶರ್ ಕುಕ್ಕರಿಗೆ ಹೊಸ ಅಕ್ಕಿಯಾದರೆ ಒಂದಕ್ಕೆ ಎರಡು, ಹಳೆಯದಾದರೆ ಎರಡೂವರೆ. ಅಕ್ಕಿ ಹೊಸದೋ ಹಳೆಯದೋ ಅಂತ ತಕ್ಕಡಿ ಹೇಳುವುದಿಲ್ಲ, ಕೈ ಹೇಳುತ್ತದೆ.

ಆದರೆ ಬೇರೆಯವರಿಗೆ ಅಡುಗೆ ಹೇಳಿಕೊಡುವಾಗ ತಕ್ಕಡಿಯೇ ಸರಿ. ಕರಾವಳಿಯವರು ಕುಡ್ತೆ ಅನ್ನುತ್ತಾರೆ, ಮಲೆನಾಡಿನವರು ಸಿದ್ದೆ ಅನ್ನುತ್ತಾರೆ, ಅಮೆರಿಕದವರು ಕಪ್ ಅನ್ನುತ್ತಾರೆ. 200 ಗ್ರಾಂ ಅಂದರೆ ಎಲ್ಲರಿಗೂ ಒಂದೇ. ಜಾಸ್ತಿ ಜನಕ್ಕೆ ಮಾಡುವಾಗಲೂ ಅಷ್ಟೇ. ಮೊನ್ನೆ ಮನೆಯಲ್ಲಿ ಮೂವತ್ತು ಜನರ ಊಟ. ತಲೆಗೆ ನೂರು ಗ್ರಾಂ ಅಂದುಕೊಂಡರೆ ಮೂರು ಕೆಜಿ, ಅಂದರೆ ಹದಿನೈದು ಪಾವು. ಅಮ್ಮ "ಲಾಭ, ಎರಡು, ಮೂರು" ಅಂತ ಅಳೆಯುತ್ತಾ ಹೋದರು. ಒಂಬತ್ತಕ್ಕೆ ಬಾಗಿಲ ಹತ್ತಿರ ಯಾರೋ ಕರೆದರು, ಲೆಕ್ಕ ತಪ್ಪಿತು. ಸುಮ್ನೆ ತಕ್ಕಡಿ ಮೇಲೆ ಡಬರಿ ಇಟ್ಟು ಸುರಿದೆವು.

ನಿಮ್ಮ ಮನೆಯ ಪಾವು ನಮ್ಮದರಷ್ಟೇ ಇರಬೇಕು ಅಂತೇನಿಲ್ಲ. ಒಮ್ಮೆ ತಲೆ ಒರಸಿ ತೂಗಿ ನೋಡಿ. ನಾನು ಅಕ್ಕಿ ಡಬ್ಬದ ಮುಚ್ಚಳದ ಒಳಗೆ ಮಾರ್ಕರ್‌ನಲ್ಲಿ ಬರೆದಿಟ್ಟಿದ್ದೇನೆ: ಸೋನಾ ಮಸೂರಿ 200, ಬಾಸ್ಮತಿ 188, ಜೀರಗೆ ಸಣ್ಣ 208. ಕೆಳಗೆ ಇನ್ನೊಂದು ಸಾಲು: 25 ಕೆಜಿ ಮೂಟೆ, 125 ಪಾವು. ದಿನಕ್ಕೆ ಎರಡೂವರೆ ಪಾವಿನ ಮನೆ ನಮ್ಮದು, ಐವತ್ತು ದಿನ ಬರುತ್ತದೆ.