64ಕ್ಕೂ 65ಕ್ಕೂ ನಡುವೆ: ನಾಣ್ಯ ಗ್ರೇಡಿಂಗ್ ಸೇವೆಯೊಂದರ ಜೊತೆ 9 ವರ್ಷ

ನಾಣ್ಯ ಅಸಲಿಯೇ ಎಂದು ನೋಡಿ, ಅದರ ಸ್ಥಿತಿಗೆ ಅಂಕ ಕೊಡುವ ಈ ಸೇವೆಗೆ ನಾನು ಕೊಡುವುದು ಐದಕ್ಕೆ ಮೂರೂವರೆ. ನಾಣ್ಯ ಅಸಲಿಯೋ ನಕಲಿಯೋ ಹೇಳುವುದರಲ್ಲಿ ಪೂರ್ತಿ ಅಂಕ, ಕಳೆದದ್ದೆಲ್ಲ 60ರ ಮೇಲಿನ ಒಂದೊಂದು ಅಂಕದ ತೀರ್ಪಿಗೆ. ಕಂಪನಿಯ ಹೆಸರು ಬರೆಯುತ್ತಿಲ್ಲ. ನನ್ನ ತಕರಾರು ಅವರೊಬ್ಬರ ಮೇಲಿನದ್ದಲ್ಲ, ಈ ಕಸುಬಿಗೇ ಅಂಟಿಕೊಂಡದ್ದು. ಇಲ್ಲಿಯವರೆಗೆ ನಲವತ್ತು ಚಿಲ್ಲರೆ ನಾಣ್ಯ ಕಳಿಸಿದ್ದೇನೆ, ಬಹುಪಾಲು ಅಮೆರಿಕದ ಮಾರ್ಗನ್ ಬೆಳ್ಳಿ ಡಾಲರ್‌ಗಳು.

ಹೊಸಬರಿಗೆ ಎರಡು ಮಾತು. 1ರಿಂದ 70ರವರೆಗಿನ ಈ ಅಳತೆಯನ್ನು 1949ರಲ್ಲಿ ವಿಲಿಯಂ ಶೆಲ್ಡನ್ ರೂಪಿಸಿದ್ದು ಹಳೆಯ ತಾಮ್ರದ ಸೆಂಟ್‌ಗಳಿಗಾಗಿ. 70ರ ನಾಣ್ಯಕ್ಕೆ 1ರ ನಾಣ್ಯದ 70 ಪಟ್ಟು ಬೆಲೆ ಎಂಬುದು ಆಗಿನ ಲೆಕ್ಕ. ಆ ಲೆಕ್ಕ ಎಂದೋ ಮುರಿದುಬಿತ್ತು, ಅಂಕಗಳು ಉಳಿದುಕೊಂಡವು. 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಎಂಬ ಗ್ರೇಡಿಂಗ್ ಕಂಪನಿಗಳು ಶುರುವಾಗಿ, ನಾಣ್ಯವನ್ನು ಪ್ಲಾಸ್ಟಿಕ್ ಸ್ಲ್ಯಾಬಿನಲ್ಲಿ ಮುಚ್ಚಿ ಅಂಕ ಹಚ್ಚುವ ಪದ್ಧತಿ ಗಟ್ಟಿಯಾಯಿತು. 60ರಿಂದ ಮೇಲೆ ಎಂದರೆ ಚಲಾವಣೆಯ ಸವೆತ ಇಲ್ಲದ್ದು. ಅಲ್ಲಿಂದಾಚೆ ನೋಡುವುದು ಗೀರು, ಹೊಳಪು, ಅಚ್ಚಿನ ಕಸು, ಒಟ್ಟು ಚೆಂದ. ಚೆಂದಕ್ಕೆ ಅಳತೆಗೋಲು ಎಲ್ಲಿಂದ ತರುವುದು?

ನನ್ನ 1881ರ ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯ ಡಾಲರ್ ಮೊದಲ ಸಲ 64 ಎಂದು ಬಂತು. ದೀಪದ ಕೆಳಗೆ ಹಿಡಿದು ನಿಧಾನ ತಿರುಗಿಸಿದರೆ ಬೆಳಕಿನ ಪಟ್ಟಿಯೊಂದು ಗಾಡಿಚಕ್ರದ ಅರದ ಹಾಗೆ ಸುತ್ತುತ್ತದೆ, ಎಲ್ಲೂ ಕಡಿಯುವುದಿಲ್ಲ. ದೋಷವೆಂದರೆ ಮುಂಬದಿಯಲ್ಲಿರುವ ಹೆಣ್ಣುಮುಖ ಲಿಬರ್ಟಿಯ ಕೆನ್ನೆಯ ಮೇಲೆ ಅಕ್ಕಿಯ ನುಚ್ಚಿನಷ್ಟು ಒಂದು ಗೀರು. ಈ ಡಾಲರ್‌ಗಳನ್ನು ಸಾವಿರದ ಲೆಕ್ಕದಲ್ಲಿ ಚೀಲಕ್ಕೆ ತುಂಬಿ ಎತ್ತಿ ಹಾಕುತ್ತಿದ್ದರು, ಒಂದಕ್ಕೊಂದು ತಾಗದೆ ಇರುತ್ತದೆಯೇ? ಅದೇ ಗೀರು ಕೂದಲಿನ ಸುರುಳಿಯೊಳಗೆ ಬಿದ್ದಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಬಯಲಿನಂಥ ಕೆನ್ನೆಯ ಮೇಲೆ ಬಿದ್ದದ್ದೇ ತಪ್ಪಾಯಿತು.

ಹಟ ಬಂತು. ಸ್ಲ್ಯಾಬ್ ಒಡೆದು ಮತ್ತೆ ಕಳಿಸಿದೆ: 64. ಇನ್ನೊಮ್ಮೆ ಕಳಿಸಿದೆ: 65. ನಾಣ್ಯ ಅದೇ, ಗೀರು ಅದೇ. ಕುಣಿದಾಡಿದ ಮೇಲೆ ಲೆಕ್ಕ ಹಾಕಿದೆ. 1881ರ ಈ ಡಾಲರ್ ಒಳ್ಳೆಯ ಸ್ಥಿತಿಯಲ್ಲಿ ರಾಶಿ ರಾಶಿ ಸಿಗುವಂಥದ್ದು, ಹಾಗಾಗಿ 64ಕ್ಕೂ 65ಕ್ಕೂ ಬೆಲೆಯ ಅಂತರ ಸಣ್ಣದು. ಮೂರು ಸಲದ ಶುಲ್ಕ, ಅಂಚೆ, ವಿಮೆ ಕೂಡಿಸಿದರೆ ಆ ಒಂದು ಅಂಕವನ್ನು ಅದರ ಬೆಲೆಗಿಂತ ಹೆಚ್ಚು ಕೊಟ್ಟು ಕೊಂಡಂತಾಗಿತ್ತು. ಹಳೆಯ ಎರಡು ಲೇಬಲ್‌ಗಳನ್ನು ನಾನು ವಾಪಸ್ ಕಳಿಸಲೂ ಇಲ್ಲ. ಅಂದರೆ ಯಾವ ಅಂಕದ ನಾಣ್ಯ ಎಷ್ಟು ಬಂದಿವೆ ಎಂದು ತೋರಿಸುವ ಅವರ ಎಣಿಕೆಪಟ್ಟಿಯಲ್ಲಿ ನನ್ನ ಒಂದೇ ನಾಣ್ಯ ಮೂರಾಗಿ ಕೂತಿದೆ. ನನ್ನಂಥವರು ಎಷ್ಟೋ ಮಂದಿ ಇರುತ್ತಾರೆ, ಆ ಪಟ್ಟಿ ನೋಡಿ ಅಪರೂಪ ಅಳೆಯುವವರು ಇದನ್ನು ನೆನಪಿಡಬೇಕು.

ನಿಜವಾಗಿ ಕೈ ಸುಟ್ಟುಕೊಂಡದ್ದು 1884ರ ಸ್ಯಾನ್ ಫ್ರಾನ್ಸಿಸ್ಕೊ ಡಾಲರಿನಲ್ಲಿ. ಮೂರೇ ವರ್ಷದ ಅಂತರ, ಕಥೆ ಪೂರ್ತಿ ಉಲ್ಟಾ. ಆ ವರ್ಷದವು ಚಲಾವಣೆಯಲ್ಲಿ ಸವೆದು ಧಾರಾಳವಾಗಿ ಸಿಗುತ್ತವೆ, ಸವೆಯದೆ ಉಳಿದವು ತೀರಾ ವಿರಳ. ಹಾಗಾಗಿ 58 ದಾಟಿ 60ರ ಮೇಲೆ ಹೋದರೆ ಬೆಲೆ ಹಲವು ಪಟ್ಟು ಜಿಗಿಯುತ್ತದೆ. ಸ್ಲ್ಯಾಬ್ ಇಲ್ಲದ್ದನ್ನು 'ಚಲಾವಣೆ ಕಾಣದ್ದು' ಎಂಬ ಮಾತು ನಂಬಿ ಕೊಂಡಿದ್ದೆ. ಎಯು 58, ಅಂದರೆ 'ಬಹುತೇಕ ಚಲಾವಣೆ ಕಾಣದ್ದು', ಎಂದು ಬಂತು. ಒಂದು ವಾರ ಗ್ರೇಡರ್‌ಗಳನ್ನು ಬೈದುಕೊಂಡು ಓಡಾಡಿದೆ. ಆಮೇಲೆ ಲೂಪ್ (ಭೂತಗನ್ನಡಿ) ಹಿಡಿದು ಹಿಂಬದಿಯ ಹದ್ದಿನ ಎದೆಯನ್ನೂ ಲಿಬರ್ಟಿಯ ಕಿವಿಯ ಮೇಲಿನ ಕೂದಲನ್ನೂ ನೋಡಿದೆ. ನಾಣ್ಯ ತಿರುಗಿಸಿದಾಗ ಬೆಳಕಿನ ಪಟ್ಟಿ ಆ ಎರಡು ಜಾಗದಲ್ಲಿ ಮಂಕಾಗಿ, ದಾಟಿದ ಮೇಲೆ ಮತ್ತೆ ಹೊಳೆಯುತ್ತಿತ್ತು. ಯಾರದೋ ಜೇಬಿನಲ್ಲಿ ನಾಲ್ಕು ದಿನ ಉಜ್ಜಿದ ಗುರುತು. ಅವರು ಹೇಳಿದ್ದೇ ಸರಿ.

ಅಚ್ಚು ಸರಿಯಾಗಿ ಒತ್ತದ ನಾಣ್ಯಕ್ಕೂ ಸವೆದ ನಾಣ್ಯಕ್ಕೂ ವ್ಯತ್ಯಾಸ ನನಗೆ ತಿಳಿದದ್ದು ಆಗಲೇ. ನ್ಯೂ ಆರ್ಲಿಯನ್ಸ್ ಟಂಕಸಾಲೆಯ ಎಷ್ಟೋ ಡಾಲರ್‌ಗಳಲ್ಲಿ ಕಿವಿಯ ಮೇಲಿನ ಕೂದಲು ಹುಟ್ಟಾ ಚಪ್ಪಟೆ, ಆದರೂ ಅಲ್ಲಿ ಹೊಳಪು ಕಡಿದಿರುವುದಿಲ್ಲ. ಇನ್ನೊಂದು ತಮಾಷೆ: ನನ್ನ 58ರ ನಾಣ್ಯವನ್ನು ಮೈತುಂಬ ಗೀರಿರುವ ಒಂದು 61ರ ಪಕ್ಕ ಇಟ್ಟರೆ, ನೋಡಿದವರೆಲ್ಲ 58ನ್ನೇ ಎತ್ತಿಕೊಳ್ಳುತ್ತಾರೆ. ಚೆಂದದ್ದು ಒಂದು, ದುಬಾರಿ ಇನ್ನೊಂದು.

ಸಣ್ಣಪುಟ್ಟ ಗೊಣಗು: ಎರಡು ಸಲ ಹೇಳಿದ ಗಡುವು ಮೀರಿತು, ಒಂದು ಸ್ಲ್ಯಾಬಿನೊಳಗೆ ಪ್ಲಾಸ್ಟಿಕ್ಕಿನ ಚೂರು ಸೇರಿಕೊಂಡಿತ್ತು. ಬೆಳ್ಳಿ ತೊಳೆಯುವ ದ್ರಾವಣದಲ್ಲಿ ನಾನೇ ಜಾಸ್ತಿ ಹೊತ್ತು ಅದ್ದಿದ್ದ ನಾಣ್ಯಕ್ಕೆ ಅಂಕ ಕೊಡದೆ 'ಶುಚಿಗೊಳಿಸಿದ್ದು' ಎಂದು ಬರೆದು ಕಳಿಸಿದರು. ಅದಕ್ಕೆ ಮಾತ್ರ ನಾನು ತುಟಿ ಪಿಟಕ್ಕೆನ್ನಲಿಲ್ಲ. 1893ರ 'ಎಸ್' (ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯ ಗುರುತಿನ ಅಕ್ಷರ) ಡಾಲರ್ ಎಂದು ನಾನು ಎದೆಯುಬ್ಬಿಸಿಕೊಂಡು ಕಳಿಸಿದ್ದರಲ್ಲಿ ಆ 'ಎಸ್' ಆಮೇಲೆ ಅಂಟಿಸಿದ್ದು ಎಂದು ಹಿಡಿದವರೂ ಅವರೇ. ಅಸಲಿ ಮುದ್ರಣ 1,00,000 ಮಾತ್ರ, ಹಾಗಾಗಿ ಈ ಕೈಚಳಕ ಹಳೆಯದು. ಆ ಒಂದು ಉತ್ತರಕ್ಕೆ ಕೊಟ್ಟ ಶುಲ್ಕದ ಬಗ್ಗೆ ನನಗೆ ಒಂದಿಷ್ಟೂ ಬೇಸರವಿಲ್ಲ.

ಈಗ ಕಳಿಸುವ ಮೊದಲು ಒಂದು ಅಂಕ ಕೆಳಗೆ ಬಂದರೂ ಶುಲ್ಕ ಗಿಟ್ಟುತ್ತದೆಯೇ ನೋಡಿಕೊಳ್ಳುತ್ತೇನೆ. ಈ ಸಲದ ಪೊಟ್ಟಣದಲ್ಲಿ ಹನ್ನೊಂದರ ಬದಲು ಮೂರೇ ನಾಣ್ಯ ಇವೆ. 1884ರದ್ದು ಮೇಜಿನ ಮೇಲೇ ಇದೆ, 58ರ ಲೇಬಲ್ ಸಮೇತ.