ಮಹಾರೇರಾ ಜಾಲತಾಣ: ಫ್ಲ್ಯಾಟಿಗಿಂತ ಮೊದಲು ನೆಲ ಯಾರದೆಂದು ನೋಡಿ

ಪುಣೆಯಲ್ಲಿ ಹೊಸ ಫ್ಲ್ಯಾಟ್ ಕೊಳ್ಳಲು ಹೊರಟವರು ಸ್ಯಾಂಪಲ್ ಫ್ಲ್ಯಾಟಿನ ಅಡುಗೆ ಕಟ್ಟೆಯನ್ನು ಮುಟ್ಟಿ ನೋಡುವುದಕ್ಕೆ ಮುಂಚೆ ಮಹಾರೇರಾ, ಅಂದರೆ ಮಹಾರಾಷ್ಟ್ರದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ಜಾಲತಾಣವನ್ನು ತೆರೆಯಬೇಕು. ನಾನು ಬ್ಯಾಂಕಿನ ಗೃಹಸಾಲ ವಿಭಾಗದಲ್ಲಿದ್ದು ನಿವೃತ್ತಳಾದವಳು. ಮಗನಿಗಾಗಿ ರಾವೇತ್, ತಾಥವಡೆ ಕಡೆ ಮನೆ ಹುಡುಕುವಾಗ ಈ ತಾಣವನ್ನೇ ನೆಚ್ಚಿಕೊಂಡೆ. ಹಿಂದೆ ವಕೀಲರಿಗೆ ಶುಲ್ಕ ಕೊಟ್ಟು, ಕಚೇರಿಗಳಿಗೆ ಅಲೆದು ಪಡೆಯಬೇಕಾಗಿದ್ದ ಎಷ್ಟೋ ಕಾಗದಗಳು ಇಲ್ಲಿ ಪುಕ್ಕಟೆಯಾಗಿ ಓದಲು ಸಿಗುತ್ತವೆ.

ಬಳಸುವುದು ಸುಲಭ. ಯೋಜನೆಯ ಹೆಸರು ಅಥವಾ ‘ಪಿ’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯನ್ನು ಹಾಕಿದರೆ ಸಾಕು. 2023ರ ಆಗಸ್ಟಿನಿಂದ ಜಾಹೀರಾತುಗಳಲ್ಲಿ ಕ್ಯೂಆರ್ ಕೋಡ್ ಕಡ್ಡಾಯವಾಗಿರುವುದರಿಂದ ಮೊಬೈಲ್ ಹಿಡಿದರೂ ಅದೇ ಪುಟ ತೆರೆಯುತ್ತದೆ. ಮಂಜೂರಾದ ನಕ್ಷೆ, ಕಟ್ಟಡ ಮುಗಿಸುವ ದಿನಾಂಕ, ಎಷ್ಟು ಫ್ಲ್ಯಾಟುಗಳು ಬುಕ್ ಆಗಿವೆ, ಯಾವ ದಾವೆಗಳಿವೆ, ಜಾಗದ ಮೇಲೆ ಯಾರ ಸಾಲವಿದೆ, ಎಲ್ಲವೂ ಅಲ್ಲಿರುತ್ತವೆ.

ಹೆಚ್ಚಿನವರು ದಿನಾಂಕವನ್ನು ನೋಡಿ ಪುಟ ಮುಚ್ಚಿಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ನೆಲದ ಒಡೆತನದ ಬಗ್ಗೆ ವಕೀಲರು ಬರೆದ ಟೈಟಲ್ ವರದಿ. ಪುಣೆಯ ಅಂಚಿನ ಈ ಊರುಗಳಲ್ಲಿ ಕಟ್ಟುವವನೊಬ್ಬ, ನೆಲದ ಒಡೆಯ ಇನ್ನೊಬ್ಬ ಆಗಿರುವುದು ಸಾಮಾನ್ಯ. ಹೊಲ ರೈತ ಕುಟುಂಬದ್ದು, ಬಿಲ್ಡರ್ ಬಳಿ ಇರುವುದು ಅಭಿವೃದ್ಧಿ ಒಪ್ಪಂದ ಮಾತ್ರ. ಹಾಗಿದ್ದಾಗ ಆ ಕುಟುಂಬದಲ್ಲಿ ಯಾರು ಯಾರು ಸಹಿ ಹಾಕಿದ್ದಾರೆ ಎಂಬುದೇ ಮುಖ್ಯ ಪ್ರಶ್ನೆ. ವರದಿಯಲ್ಲಿರುವ ಸರ್ವೆ ನಂಬರನ್ನು ಹಿಡಿದು ಮಹಾರಾಷ್ಟ್ರದ ಭೂದಾಖಲೆಗಳ ಮಹಾಭೂಲೇಖ ತಾಣದಲ್ಲಿ ಸಾತಬಾರಾ ತೆಗೆಯಿರಿ. ನಮ್ಮ ಕಡೆಯ ಪಹಣಿಯಂಥದೇ ದಾಖಲೆ ಅದು. ಅದರಲ್ಲಿ ‘ಇತರ ಹಕ್ಕು’ ಎಂಬ ಕಾಲಮನ್ನು ಬಿಡದೆ ಓದಿ.

ನಾವು ಮೆಚ್ಚಿದ್ದ ಒಂದು ಯೋಜನೆಯ ಸಾತಬಾರಾದಲ್ಲಿ ಅಣ್ಣತಮ್ಮಂದಿರ ಜೊತೆ ಅಕ್ಕತಂಗಿಯರ ಹೆಸರುಗಳೂ ಇದ್ದವು. ಒಪ್ಪಂದಕ್ಕೆ ಗಂಡಸರ ಸಹಿ ಮಾತ್ರ ಇತ್ತು. 2005ರ ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ. ಅವರು ಹಕ್ಕು ಬಿಟ್ಟುಕೊಟ್ಟ ನೋಂದಾಯಿತ ಪತ್ರ ತೋರಿಸಿ ಎಂದೆ. “ಕಾಕೂ, ಅದೆಲ್ಲ ಮನೆಯೊಳಗಿನ ಮಾತು, ಇತ್ಯರ್ಥವಾಗಿದೆ” ಎಂದ ಮಾರಾಟದ ಹುಡುಗ. ಪತ್ರ ಬರಲಿಲ್ಲ. ನಾವು ಆ ಯೋಜನೆಯನ್ನು ಅಲ್ಲಿಗೇ ಬಿಟ್ಟೆವು. “ಅವ್ವಾ, ಇಷ್ಟು ಒಳ್ಳೆಯ ರೇಟು ಮತ್ತೆ ಸಿಗುವುದಿಲ್ಲ” ಎಂದು ಮಗ ಬೇಜಾರು ಮಾಡಿಕೊಂಡ. ಆ ಅಕ್ಕತಂಗಿಯರ ಪಾಲಿನ ಮೇಲೆ ನನ್ನ ಮಗ ಮನೆ ಮಾಡುವುದು ನನಗೆ ಬೇಕಿರಲಿಲ್ಲ.

ಇನ್ನೊಂದು ಕಡೆ ತೆರೆದ ಪಾರ್ಕಿಂಗಿಗೆ ಬೇರೆ ಹಣ ಕೇಳಿದರು. ಮಹಾರೇರಾಕ್ಕೆ ಆಧಾರವಾದ ರೇರಾ ಕಾಯ್ದೆಯ ಪ್ರಕಾರ ತೆರೆದ ಪಾರ್ಕಿಂಗ್ ಎಲ್ಲರಿಗೂ ಸೇರಿದ ಜಾಗ, ಅದನ್ನು ಬಿಡಿಯಾಗಿ ಮಾರುವಂತಿಲ್ಲ. ಒಪ್ಪಂದ ನೋಂದಣಿಯಾಗುವ ಮೊದಲು ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತೆಯೂ ಇಲ್ಲ. ಈ ಎರಡು ಮಾತುಗಳನ್ನು ಸಮಾಧಾನವಾಗಿ ಹೇಳಿದರೆ ಮಾರಾಟದವರ ಧಾಟಿ ಬದಲಾಗುತ್ತದೆ. ಅಳತೆಯನ್ನು ಕಾರ್ಪೆಟ್ ವಿಸ್ತೀರ್ಣದಲ್ಲೇ, ಅಂದರೆ ಮನೆಯೊಳಗೆ ಬಳಕೆಗೆ ಸಿಗುವ ನೆಲದ ಲೆಕ್ಕದಲ್ಲೇ ಕೇಳಿ. ಬಾಲ್ಕನಿಯೂ ಹೊರಗೋಡೆಯೂ ಅದರಲ್ಲಿ ಸೇರುವುದಿಲ್ಲ.

ನೋಂದಣಿ ಸಂಖ್ಯೆ ಇದೆ ಎಂದ ಮಾತ್ರಕ್ಕೆ ಒಡೆತನ ನಿಷ್ಕಳಂಕ ಎಂದು ಸರಕಾರ ಮುದ್ರೆ ಒತ್ತಿದಂತಲ್ಲ. ಕಾಗದಗಳನ್ನು ಏರಿಸುವವನು ಬಿಲ್ಡರ್, ಓದಬೇಕಾದವರು ನಾವು. ಸಾತಬಾರಾ ಕೂಡ ಕಂದಾಯದ ದಾಖಲೆಯೇ ಹೊರತು ಒಡೆತನದ ಕೊನೆಯ ಮಾತಲ್ಲ. ಆದ್ದರಿಂದ ಹಣ ಕೊಡುವ ಮುಂಚೆ ನಿಮ್ಮದೇ ವಕೀಲರಿಂದ ಒಮ್ಮೆ ಸರ್ಚ್, ಅಂದರೆ ಹಳೆಯ ಒಡೆತನದ ದಾಖಲೆಗಳ ಪರಿಶೀಲನೆ ಮಾಡಿಸಿ. ನಾನೂ ಮಾಡಿಸಿದೆ. ಆ ಖರ್ಚಿನಲ್ಲಿ ಜಿಪುಣತನ ಬೇಡ.

500 ಚದರ ಮೀಟರಿಗೆ ಮೀರದ ಜಾಗದಲ್ಲಿ ಕಟ್ಟುವ ಅಥವಾ ಎಂಟಕ್ಕೆ ಮೀರದ ಫ್ಲ್ಯಾಟುಗಳ ಯೋಜನೆಗೆ ನೋಂದಣಿ ಕಡ್ಡಾಯವಲ್ಲ. ಕಾಯ್ದೆ ಬರುವ ಮುಂಚೆಯೇ ಮುಗಿದ ಕಟ್ಟಡಗಳೂ ಈ ತಾಣದಲ್ಲಿ ಸಿಗುವುದಿಲ್ಲ. ಕೋಥ್ರೂಡ್, ಸಿಂಹಗಡ ರಸ್ತೆಯ ಹಳೆಯ ಸೊಸೈಟಿಗಳಲ್ಲಿ ಮರುಮಾರಾಟದ ಮನೆ ನೋಡುತ್ತಿರುವವರು ಬೇರೆ ದಾರಿ ಹಿಡಿಯಬೇಕು. ಉಪನೋಂದಣಿ ಕಚೇರಿಯ ಇಂಡೆಕ್ಸ್ ಟೂ (ನೋಂದಾಯಿತ ವ್ಯವಹಾರದ ಸಾರಾಂಶ), ಹಿಂದಿನ ಎಲ್ಲ ಒಪ್ಪಂದಗಳ ಸರಣಿ, ಸೊಸೈಟಿಯ ಶೇರು ಪತ್ರ, ಇವುಗಳ ಜೊತೆ ಕನ್ವೇಯನ್ಸ್, ಅಂದರೆ ಜಾಗವನ್ನು ಸೊಸೈಟಿಯ ಹೆಸರಿಗೆ ಬರೆದುಕೊಡುವುದು, ಆಗಿದೆಯೇ ಎಂದು ಕೇಳಿ. ಜಾಗ ಇನ್ನೂ ಹಳೆಯ ಬಿಲ್ಡರ್ ಹೆಸರಿನಲ್ಲೇ ಇದ್ದರೆ ಮುಂದೆ ಕಟ್ಟಡವನ್ನು ಕೆಡವಿ ಕಟ್ಟುವಾಗ ಸೊಸೈಟಿಯ ಕೈ ಕಟ್ಟಿಹಾಕಿದಂತಾಗುತ್ತದೆ. ಬಿಲ್ಡರ್ ಬರೆದುಕೊಡದೆ ಸತಾಯಿಸಿದರೆ ಸಹಕಾರ ಇಲಾಖೆಯ ಜಿಲ್ಲಾ ಉಪನಿಬಂಧಕರ ಬಳಿ ಬಿಲ್ಡರ್ ಸಹಿ ಇಲ್ಲದೆಯೇ ಆಗುವ ಡೀಮ್ಡ್ ಕನ್ವೇಯನ್ಸಿಗೆ ಸೊಸೈಟಿ ಅರ್ಜಿ ಹಾಕಬಹುದು. ಆ ಅರ್ಜಿ ಎಲ್ಲಿಗೆ ಬಂದಿದೆ ಎಂಬುದನ್ನು ಸೊಸೈಟಿಯ ಕಾರ್ಯದರ್ಶಿಯಿಂದ ತಿಳಿದುಕೊಂಡೇ ಟೋಕನ್ ಹಣ ಕೊಡಿ.