ಎರಡು ವರ್ಷದ ಭೂಗೋಳ ಕ್ವಿಜ್: ರಾಜಧಾನಿ ಬಾಯಿಗೆ ಬಂತು, ನೆರೆಹೊರೆ ಬರಲಿಲ್ಲ

ಮೊನ್ನೆ ಅಕ್ಕನ ಮಗಳು ಒಂದು ಖಾಲಿ ಹಾಳೆ ಮುಂದಿಟ್ಟು, "ಮಾಮಾ, ಬುರ್ಕಿನಾ ಫಾಸೊ ಅಕ್ಕಪಕ್ಕ ಯಾವ್ಯಾವ ದೇಶ ಇದೆ, ಬರೆದು ತೋರಿಸು" ಅಂದಳು. ರಾಜಧಾನಿ ಕೇಳಿದ್ದರೆ ನಿದ್ದೆಗಣ್ಣಲ್ಲೂ ಹೇಳುತ್ತಿದ್ದೆ: ವಾಗಡೂಗು. ಬಾವುಟ? ಮೇಲೆ ಕೆಂಪು, ಕೆಳಗೆ ಹಸಿರು, ನಡುವೆ ಹಳದಿ ನಕ್ಷತ್ರ. ಹಳೆಯ ಹೆಸರು? ಅಪ್ಪರ್ ವೋಲ್ಟಾ, 1984ರಲ್ಲಿ ಬದಲಾಯಿತು. ಆದರೆ ಅಕ್ಕಪಕ್ಕದ ದೇಶ? ಮಾಲಿ ಬರೆದೆ. ಘಾನಾ ಬರೆದೆ. ಅಲ್ಲಿಗೆ ಪೆನ್ನು ನಿಂತಿತು. ಒಟ್ಟು ಆರು ದೇಶಗಳಿವೆ. ನೈಜರ್, ಬೆನಿನ್, ಟೋಗೊ, ಐವರಿ ಕೋಸ್ಟ್ ಯಾವುದೂ ಹೊಳೆಯಲಿಲ್ಲ. ಆಪ್‌ನಲ್ಲಿ ನೋಡಿದರೆ ಆಫ್ರಿಕಾ ವಿಭಾಗದಲ್ಲಿ ನನಗೆ ನೂರಕ್ಕೆ 97!

ಆ ಆಪ್ ನನ್ನ ಫೋನಿಗೆ ಬಂದು ಎರಡು ವರ್ಷ ದಾಟಿದೆ. ಹೆಸರು ಬರೆಯುತ್ತಿಲ್ಲ. ಇಂಥ ಭೂಗೋಳ ಕ್ವಿಜ್ ಆಪ್‌ಗಳು ಹತ್ತಾರಿವೆ, ಬಣ್ಣ ಬೇರೆ, ಅಚ್ಚು ಒಂದೇ. ಇನ್ನೆರಡನ್ನು ಹಾಕಿ ನೋಡಿ ತೆಗೆದಿದ್ದೇನೆ, ಅವುಗಳಿಗೂ ಇಲ್ಲಿನ ಮುಕ್ಕಾಲು ಪಾಲು ಮಾತು ಸಲ್ಲುತ್ತದೆ. ದಿನಕ್ಕೆ ಹತ್ತು ನಿಮಿಷ ಆಡುತ್ತೇನೆ, ಹೆಚ್ಚಾಗಿ ಮಲಗುವ ಮುಂಚೆ. ಮೊದಲ ತಿಂಗಳಲ್ಲೇ ವಿಮರ್ಶೆ ಬರೆದಿದ್ದರೆ ಕಣ್ಣು ಮುಚ್ಚಿ ಐದು ಸ್ಟಾರ್ ಕೊಡುತ್ತಿದ್ದೆ. ಬರೆಯದೆ ಇದ್ದದ್ದು ಒಳ್ಳೆಯದೇ ಆಯಿತು.

ಮೊದಲ ಮೂರು ತಿಂಗಳು ಬರೀ ರಾಜಧಾನಿ. ಇದರಲ್ಲಿ ಮಜಾ ಇದೆ, ಒಪ್ಪುತ್ತೇನೆ. ಆಸ್ಟ್ರೇಲಿಯಾಕ್ಕೆ ಸಿಡ್ನಿ, ಟರ್ಕಿಗೆ ಇಸ್ತಾಂಬುಲ್, ಕೆನಡಾಕ್ಕೆ ಟೊರೊಂಟೊ, ಮೊರೊಕ್ಕೊಗೆ ಕಾಸಾಬ್ಲಾಂಕಾ ಎಂದು ಒತ್ತಿ ಒತ್ತಿ ಕೆಂಪು ಗುರುತು ತಿಂದೆ. ಕ್ಯಾನ್‌ಬೆರಾ, ಅಂಕಾರಾ, ಒಟ್ಟಾವಾ, ರಬಾತ್ ಎಂದು ತಲೆಗೆ ಹೋಗಲು ಎರಡು ವಾರ ಬೇಕಾಯಿತು. ದೊಡ್ಡ ಊರೇ ರಾಜಧಾನಿ ಆಗಿರಬೇಕು ಎಂಬ ಅಂದಾಜು ಎಲ್ಲರಿಗೂ ಇರುತ್ತದೆ, ಅಲ್ವಾ? ಆಪ್ ಅದನ್ನೇ ಹಿಡಿದು ಬಡಿಯುತ್ತದೆ. ಬ್ರೆಜಿಲ್ 1960ರಲ್ಲಿ ಸಮುದ್ರದ ದಡ ಬಿಟ್ಟು ಒಳನಾಡಿನ ಬ್ರೆಸಿಲಿಯಾಕ್ಕೆ ಹೋಯಿತು. ನೈಜೀರಿಯಾ 1991ರಲ್ಲಿ ಲಾಗೋಸ್ ಬಿಟ್ಟು ಅಬುಜಾಕ್ಕೆ ಹೋಯಿತು. ಕಜಕಿಸ್ತಾನದ ರಾಜಧಾನಿ ಅಸ್ತಾನಾ 2019ರಲ್ಲಿ ನೂರ್-ಸುಲ್ತಾನ್ ಆಗಿ, 2022ರಲ್ಲಿ ಮತ್ತೆ ಅಸ್ತಾನಾ ಆಯಿತು. ಹೀಗೆ ಹಿಂದೊಂದು ಕಥೆ ಇರುವ ಊರುಗಳೇ ನನಗೆ ಗಟ್ಟಿಯಾಗಿ ನೆನಪಿರುವುದು. ಆ ಕಥೆಗಳನ್ನು ನಾನೇ ಹುಡುಕಿ ಓದಿಕೊಂಡೆ. ಆಪ್ ಮಾತ್ರ "ತಪ್ಪು, ಮುಂದಿನದು" ಎಂದು ಓಡುತ್ತಲೇ ಇರುತ್ತದೆ.

ಒಂದು ಮೋಸ ತಡವಾಗಿ ಗೊತ್ತಾಯಿತು. ನಾಲ್ಕು ಆಯ್ಕೆ ಕೊಟ್ಟು ಒಂದನ್ನು ಆರಿಸಲು ಹೇಳುವ ಪ್ರಶ್ನೆಗಳಲ್ಲಿ ಉತ್ತರ ಗೊತ್ತಿಲ್ಲದಿದ್ದರೂ ಗೆಲ್ಲಬಹುದು. ಹೊಂಡುರಾಸ್ ರಾಜಧಾನಿ ಯಾವುದು? ಪ್ಯಾರಿಸ್, ಕೈರೊ, ಟೋಕಿಯೊ, ಟೆಗುಸಿಗಾಲ್ಪಾ. ಇದು ಪ್ರಶ್ನೆಯೇ? ಆರು ತಿಂಗಳು ಹೀಗೆ ಅಂಕ ಗುಡ್ಡೆ ಹಾಕಿಕೊಂಡೆ. ಆಮೇಲೆ ಸೆಟ್ಟಿಂಗ್ಸ್ ಒಳಗೆ ಮೂಲೆಯಲ್ಲಿ ಉತ್ತರವನ್ನು ಟೈಪ್ ಮಾಡುವ ಆಯ್ಕೆ ಸಿಕ್ಕಿತು. ಅದನ್ನು ಹಾಕಿದ ದಿನ ನನ್ನ 90 ಚಿಲ್ಲರೆ ಅಂಕ 41ಕ್ಕೆ ಬಿತ್ತು. ಇದನ್ನು ಮೊದಲ ದಿನವೇ ಯಾಕೆ ತೋರಿಸುವುದಿಲ್ಲ ಎಂದರೆ, 41 ನೋಡಿದವರು ಆಪ್ ಮುಚ್ಚಿ ಹೋಗುತ್ತಾರೆ, ಇನ್ನೇನು!

ಟೈಪ್ ಮಾಡುವಾಗ ಹೆಸರು ಹೇಗೆ ಹೇಳುತ್ತಾರೆ ಎಂಬುದೂ ಮುಖ್ಯವಾಗುತ್ತದೆ. ಪಕ್ಕದಲ್ಲೊಂದು ಸ್ಪೀಕರ್ ಗುರುತಿದೆ, ಒತ್ತಿದರೆ ಉಚ್ಚಾರಣೆ ಕೇಳುತ್ತದೆ. ಕಿರಿಬಾಟಿ ಎಂದು ನಾನು ವರ್ಷಗಟ್ಟಲೆ ಓದುತ್ತಿದ್ದ ದೇಶ ನಿಜಕ್ಕೂ ಕಿರಿಬಾಸ್ ಎಂದು ಅಲ್ಲೇ ಗೊತ್ತಾಗಿದ್ದು. ಅವರ ಭಾಷೆಯಲ್ಲಿ ಬರೆಯುವುದು "ಟಿ", ಓದುವುದು "ಸ್". ಗಿಲ್ಬರ್ಟ್ಸ್ ಎಂಬ ಹಳೆಯ ಹೆಸರೇ ಅವರ ಬಾಯಲ್ಲಿ ಕಿರಿಬಾಸ್ ಆಗಿದೆ. ಅಲ್ಲಿನ ದೊಡ್ಡ ದ್ವೀಪ ಕಿರಿಟಿಮಾಟಿ ಕೂಡ ಅಷ್ಟೇ, ಹಾಗೆ ಓದಿ ನೋಡಿ, ಅದು ಕ್ರಿಸ್‌ಮಸ್! ನಾಲ್ಕೂ ಗೋಳಾರ್ಧಗಳಲ್ಲಿ ನೆಲ ಇರುವ ದೇಶ ಇದೊಂದೇ. ಮೊದಲು ದಿನಾಂಕ ರೇಖೆ ಈ ದೇಶದ ನಡುವೆಯೇ ಹಾದು ಹೋಗುತ್ತಿತ್ತು. ಒಂದು ಕಡೆ ಸೋಮವಾರ ಆದರೆ ಇನ್ನೊಂದು ಕಡೆ ಇನ್ನೂ ಭಾನುವಾರ. 1995ರಲ್ಲಿ ಅವರು ರೇಖೆಯನ್ನೇ ಪೂರ್ವಕ್ಕೆ ಸರಿಸಿಕೊಂಡರು. ಆ ರಾತ್ರಿ ನಾನು ಕ್ವಿಜ್ ಬಿಟ್ಟು ಒಂದು ಗಂಟೆ ಇದನ್ನೇ ಓದುತ್ತಾ ಕೂತಿದ್ದೆ.

ಬಾವುಟದ ವಿಭಾಗದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಚಾಡ್ ಮತ್ತು ರೊಮೇನಿಯಾ ಬಾವುಟಗಳನ್ನು ಪಕ್ಕಪಕ್ಕ ಇಟ್ಟರೆ ನೀಲಿಯ ಛಾಯೆಯಲ್ಲಿ ಮಾತ್ರ ಸ್ವಲ್ಪ ವ್ಯತ್ಯಾಸ. ಇಂಡೋನೇಷ್ಯಾ ಮತ್ತು ಮೊನಾಕೊ ಎರಡೂ ಮೇಲೆ ಕೆಂಪು ಕೆಳಗೆ ಬಿಳಿ, ಉದ್ದ ಅಗಲ ಮಾತ್ರ ಬೇರೆ. ಹೆಬ್ಬೆರಳಿನಷ್ಟು ಚಿತ್ರ ತೋರಿಸಿ ಇವುಗಳಲ್ಲಿ ಯಾವುದು ಎಂದು ಕೇಳುವುದು ನ್ಯಾಯವಲ್ಲ. ದೇಶಗಳಿಗೇ ಗೊಂದಲ ಆಗಿತ್ತು. 1936ರ ಬರ್ಲಿನ್ ಒಲಿಂಪಿಕ್ಸ್‌ಗೆ ಹೋದಾಗ ಲೀಕ್ಟನ್‌ಸ್ಟೈನ್‌ನವರಿಗೆ ತಮ್ಮ ಬಾವುಟವೂ ಹೈಟಿಯದೂ ಒಂದೇ ಎಂದು ಗೊತ್ತಾಯಿತು. ಮರುವರ್ಷ ತಮ್ಮದಕ್ಕೆ ಒಂದು ಕಿರೀಟ ಸೇರಿಸಿಕೊಂಡರು.

ನಕ್ಷೆಯ ಮೇಲೆ ಬೆರಳಿಟ್ಟು ತೋರಿಸುವ ವಿಭಾಗದಲ್ಲಿ ನನಗೆ ಎರಡು ತಕರಾರಿದೆ. ಒಂದು, ಪುಟ್ಟ ದ್ವೀಪಗಳು. ನೌರು ಬರೀ 21 ಚದರ ಕಿಲೋಮೀಟರ್. ನನ್ನ ಬೆರಳ ತುದಿ ಪರದೆಯ ಮೇಲೆ ಅದರ ಸಾವಿರ ಪಟ್ಟು ಸಮುದ್ರವನ್ನು ಮುಚ್ಚುತ್ತದೆ. ನಕ್ಷೆ ಹಿಗ್ಗಿಸಲು ಹೋದರೆ ಅಷ್ಟರಲ್ಲಿ ಸಮಯ ಮುಗಿದಿರುತ್ತದೆ. ಟ್ರಿಸ್ಟನ್ ಡ ಕುನ್ಯಾ ಕೇಳಿದಾಗಲೂ ಅದೇ ಪಾಡು. ಜನ ವಾಸವಿರುವ ಅತಿ ದೂರದ ದ್ವೀಪಸಮೂಹ ಎಂದೇ ಅದಕ್ಕೆ ಹೆಸರು. ಹತ್ತಿರದ ಜನವಸತಿ ಎಂದರೆ ಸೇಂಟ್ ಹೆಲೆನಾ, ಅದೂ ಸುಮಾರು 2,400 ಕಿಲೋಮೀಟರ್ ಆಚೆ. ವಿಮಾನ ಇಳಿಯಲು ಜಾಗವಿಲ್ಲ, ಕೇಪ್‌ಟೌನ್‌ನಿಂದ ಹಡಗಿನಲ್ಲಿ ಹೆಚ್ಚುಕಡಿಮೆ ಒಂದು ವಾರ. 1961ರಲ್ಲಿ ಅಲ್ಲಿ ಜ್ವಾಲಾಮುಖಿ ಸಿಡಿದು ಊರಿಗೆ ಊರೇ ಇಂಗ್ಲೆಂಡಿಗೆ ಹೋಗಬೇಕಾಯಿತು. ಎರಡು ವರ್ಷ ಬಿಟ್ಟು ಬಹುತೇಕ ಎಲ್ಲರೂ ವಾಪಸ್ ಬಂದರು. ಇಷ್ಟೆಲ್ಲ ಇರುವ ಜಾಗ ಆಪ್‌ನಲ್ಲಿ ಒಂದು ಚುಕ್ಕೆ, ಒಂದು ಅಂಕ.

ಎರಡನೆಯದು ಜಾಸ್ತಿ ಗಂಭೀರ. ಆಪ್ ಬಳಸುವುದು 1569ರಲ್ಲಿ ಮರ್ಕೇಟರ್ ಮಾಡಿದ ಬಗೆಯ ನಕ್ಷೆ. ಹಡಗು ನಡೆಸುವವರಿಗೆ ದಿಕ್ಕು ತಪ್ಪದಿರಲಿ ಎಂದು ಮಾಡಿದ್ದು ಅದು. ದಿಕ್ಕು ಸರಿ ಬರುತ್ತದೆ, ಆದರೆ ಧ್ರುವದ ಕಡೆ ಹೋದಂತೆ ನೆಲ ಉಬ್ಬುತ್ತದೆ. ಹಾಗಾಗಿ ಗ್ರೀನ್‌ಲ್ಯಾಂಡ್ ಮತ್ತು ಆಫ್ರಿಕಾ ಅಣ್ಣತಮ್ಮಂದಿರಂತೆ ಕಾಣುತ್ತವೆ. ನಿಜದಲ್ಲಿ ಗ್ರೀನ್‌ಲ್ಯಾಂಡ್ ಸುಮಾರು 21.6 ಲಕ್ಷ ಚದರ ಕಿಲೋಮೀಟರ್, ಆಫ್ರಿಕಾ 3 ಕೋಟಿಗೂ ಜಾಸ್ತಿ, ಅಂದರೆ 14 ಪಟ್ಟು. ಎರಡು ವರ್ಷ ದಿನಾ ಇದನ್ನೇ ನೋಡಿದ ನನ್ನ ಕಣ್ಣಿಗೆ ಈಗ ಗೋಳವೇ ತಪ್ಪಾಗಿ ಕಾಣುತ್ತದೆ! ಗೋಳದ ರೂಪಕ್ಕೆ ಬದಲಾಯಿಸುವ ಬಟನ್ ಕೊಡಿ ಎಂದು ಎರಡು ಸಲ ಬರೆದೆ. "ನಿಮ್ಮ ಸಲಹೆಗೆ ಧನ್ಯವಾದ" ಎಂದು ಎರಡು ಸಲ ಬಂತು.

ಇಷ್ಟು ಬೈದರೂ ಆಪ್ ತೆಗೆದು ಹಾಕದೆ ಇರುವುದಕ್ಕೆ ಒಂದೇ ಕಾರಣ, ರಸ್ತೆ ಫೋಟೊ ವಿಭಾಗ. ಯಾವುದೋ ದೇಶದ ಯಾವುದೋ ರಸ್ತೆಯ ಫೋಟೊ ಬರುತ್ತದೆ. ಎಲ್ಲಿದೆ ಎಂದು ನಕ್ಷೆಯಲ್ಲಿ ಗುರುತು ಹಾಕಬೇಕು. ಎಷ್ಟು ಹತ್ತಿರ ಹಾಕಿದರೆ ಅಷ್ಟು ಅಂಕ. ಇಲ್ಲಿ ಬಾಯಿಪಾಠ ನಡೆಯುವುದಿಲ್ಲ, ಕಣ್ಣು ಬೇಕು. ವಾಹನ ಯಾವ ಬದಿಯಲ್ಲಿ ಹೋಗುತ್ತಿದೆ? ದಕ್ಷಿಣ ಅಮೆರಿಕದ ಮುಖ್ಯ ನೆಲದಲ್ಲಿ ಎಡಬದಿ ಓಡಿಸುವ ದೇಶಗಳು ಎರಡೇ, ಗಯಾನಾ ಮತ್ತು ಸುರಿನಾಮ್. ಬೋರ್ಡಿನ ಅಕ್ಷರ ಯಾವುದು? ಇಂಗ್ಲಿಷಿನ "ಎಲ್" ಅಕ್ಷರಕ್ಕೆ ಅಡ್ಡ ಗೀಟು ಹಾಕಿದ್ದರೆ ಪೋಲೆಂಡ್ ಇರಬಹುದು. "ಐ" ಅಕ್ಷರದ ತಲೆಯ ಚುಕ್ಕೆ ಕಾಣೆಯಾಗಿದ್ದರೆ ಟರ್ಕಿ ಅಥವಾ ಅಜರ್‌ಬೈಜಾನ್. ರಷ್ಯನ್ ಲಿಪಿಯೇ ಆಗಿದ್ದು ನಡುವೆ ಅಡ್ಡಗೆರೆ ಎಳೆದ ಸೊನ್ನೆಯಂಥ ಅಕ್ಷರ ಇದ್ದರೆ ಮಂಗೋಲಿಯಾ, ಕಜಕಿಸ್ತಾನ ಅಥವಾ ಕಿರ್ಗಿಸ್ತಾನದ ಕಡೆ ನೋಡಬೇಕು. ನೆರಳು ಯಾವ ಕಡೆ ಬಿದ್ದಿದೆ? ಮಧ್ಯಾಹ್ನದ ಸೂರ್ಯ ಉತ್ತರದಲ್ಲಿದ್ದರೆ ಹೆಚ್ಚಾಗಿ ದಕ್ಷಿಣ ಗೋಳಾರ್ಧ.

ಒಂದು ಸಲ ಸಾಲಾಗಿ ನೀಲಗಿರಿ ಮರಗಳು, ಒಣ ಗುಡ್ಡ, ಖಾಲಿ ರಸ್ತೆ. ಆಸ್ಟ್ರೇಲಿಯಾ ಬಿಟ್ಟರೆ ಇನ್ನೇನು ಎಂದು ಒಂದು ಕ್ಷಣವೂ ಯೋಚಿಸದೆ ಗುರುತು ಹಾಕಿದೆ. ಉತ್ತರ: ಪೋರ್ಚುಗಲ್. ನಾನು ಭೂಮಿಯ ಆಚೆ ಬದಿಗೇ ಹೋಗಿದ್ದೆ. ಕಾಗದದ ತಿರುಳಿಗಾಗಿ ಅಲ್ಲಿ ನೀಲಗಿರಿಯನ್ನು ಕಾಡುಗಟ್ಟಲೆ ಬೆಳೆಸಿದ್ದಾರೆ ಎಂದು ಆಮೇಲೆ ಓದಿ ಗೊತ್ತಾಯಿತು. ಫೋಟೊ ಮತ್ತೆ ತೆರೆದು ನೋಡಿದರೆ ದೂರದಲ್ಲಿ ಒಂದು ಬಿಳಿ ಕಾರು, ಆರಾಮವಾಗಿ ಬಲಬದಿಯಲ್ಲಿ ಹೋಗುತ್ತಿದೆ. ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಆ ದಿನದ ನಂತರ ಮರಕ್ಕಿಂತ ಮೊದಲು ಕಾರು ಹುಡುಕುತ್ತೇನೆ.

ಫೋಟೊ ಬಿಟ್ಟರೆ "ಯಾವುದು ಪೂರ್ವಕ್ಕೆ, ಯಾವುದು ಉತ್ತರಕ್ಕೆ" ಎಂಬ ಚಿಕ್ಕ ಆಟವೂ ಚೆನ್ನಾಗಿದೆ. ಮಯಾಮಿ, ಲಿಮಾ ಎರಡರಲ್ಲಿ ಪೂರ್ವಕ್ಕಿರುವುದು ಲಿಮಾ. ರೋಮ್, ನ್ಯೂಯಾರ್ಕ್ ಎರಡರಲ್ಲಿ ಉತ್ತರಕ್ಕಿರುವುದು ರೋಮ್. ಪನಾಮಾ ಕಾಲುವೆಯಲ್ಲಿ ಅಟ್ಲಾಂಟಿಕ್ ಕಡೆಯಿಂದ ಪೆಸಿಫಿಕ್ ಕಡೆ ಹೋಗುವ ಹಡಗು ಪಶ್ಚಿಮಕ್ಕಲ್ಲ, ಆಗ್ನೇಯ ದಿಕ್ಕಿಗೆ ಸಾಗುತ್ತದೆ. ಮೂರನ್ನೂ ತಪ್ಪು ಹೇಳಿದ್ದೆ. ಅಕ್ಕನ ಹತ್ತಿರ ಕೇಳಿದೆ, ಅವಳೂ ಮೂರನ್ನೂ ತಪ್ಪೇ ಹೇಳಿದಳು, ಸಮಾಧಾನ ಆಯಿತು.

ಇನ್ನು ಬೇಸರದ ಸಂಗತಿಗಳು. ಬುರುಂಡಿ ಪ್ರಶ್ನೆಗೆ ಗಿಟೆಗಾ ಎಂದು ಟೈಪ್ ಮಾಡಿದೆ, ತಪ್ಪು ಎಂದಿತು. ಬುಜುಂಬುರಾ ಸರಿಯಂತೆ. ಗಿಟೆಗಾವನ್ನು ರಾಜಧಾನಿ ಎಂದು ಅಲ್ಲಿನ ಸರ್ಕಾರ 2018ರ ಕೊನೆಗೇ ಹೇಳಿಯಾಗಿತ್ತು. ದೂರು ಕೊಟ್ಟು ಏಳು ತಿಂಗಳ ಮೇಲೆ ಸರಿಯಾಯಿತು. ಅಷ್ಟು ದಿನ ಅಂಕಕ್ಕಾಗಿ ಗೊತ್ತಿದ್ದೂ ತಪ್ಪು ಉತ್ತರ ಬರೆಯುತ್ತಿದ್ದೆ, ನಾಚಿಕೆಗೇಡು. ಅದೇ ಆಪ್‌ನ ಒಂದು ವಿಭಾಗದಲ್ಲಿ ಎಸ್ವಾಟಿನಿ, ಇನ್ನೊಂದರಲ್ಲಿ 2018ಕ್ಕೆ ಮುಂಚಿನ ಸ್ವಾಜಿಲ್ಯಾಂಡ್ ಎಂಬ ಹೆಸರು ಈಗಲೂ ಇದೆ. ದಿನ ತಪ್ಪದೆ ಆಡಿದ ಲೆಕ್ಕ 212ಕ್ಕೆ ಬಂದಿತ್ತು, ಒಂದು ಅಪ್‌ಡೇಟ್ ಆದ ಬೆಳಿಗ್ಗೆ ನೋಡಿದರೆ ಸೊನ್ನೆ. ಆ ದಿನ ಸಿಟ್ಟು ಬಂದಿತ್ತು. ಆದರೆ ಅದು ಹೋದ ಮೇಲೆ ನೋಟಿಫಿಕೇಶನ್ ಆಫ್ ಮಾಡಿದೆ, ಆಡಬೇಕು ಅನ್ನಿಸಿದಾಗ ಮಾತ್ರ ಆಡುತ್ತೇನೆ, ನಿದ್ದೆಯೂ ಚೆನ್ನಾಗಿ ಬರುತ್ತಿದೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಅದರಲ್ಲಿ ಎರಡು ರಸ್ತೆ ಫೋಟೊ ವಿಭಾಗಕ್ಕೇ. ಹೊಸದಾಗಿ ಹಾಕಿಕೊಳ್ಳುವವರು ಮೊದಲ ದಿನವೇ ನಾಲ್ಕು ಆಯ್ಕೆಯ ಪ್ರಶ್ನೆ ಆಫ್ ಮಾಡಿ, ಟೈಮರ್ ಆಫ್ ಮಾಡಿ. ಹಣ ಕೊಟ್ಟು ಕೊಳ್ಳುವ ಆವೃತ್ತಿಯಲ್ಲಿ ಜಾಹೀರಾತು ಇಲ್ಲ ಎನ್ನುವುದು ಬಿಟ್ಟರೆ ಸಿಗುವುದು ಬಾವುಟಗಳ ಇನ್ನೊಂದಿಷ್ಟು ಪ್ರಶ್ನೆ ಅಷ್ಟೇ, ಸುಮ್ನೆ ಬೇಡ.

ಖಾಲಿ ಹಾಳೆಯ ಪರೀಕ್ಷೆ ಈಗ ವಾರಕ್ಕೊಮ್ಮೆ ನಡೆಯುತ್ತಿದೆ. ಆಪ್ ಮುಚ್ಚಿಟ್ಟು ಒಂದು ಖಂಡ ಬಿಡಿಸಬೇಕು, ಗಡಿ ವಕ್ರ ಆದರೂ ಪರವಾಗಿಲ್ಲ, ಯಾರ ಪಕ್ಕ ಯಾರು ಎಂಬುದು ಸರಿ ಇರಬೇಕು. ಕಳೆದ ಭಾನುವಾರ ದಕ್ಷಿಣ ಅಮೆರಿಕ. ಬ್ರೆಜಿಲ್‌ಗೆ ತಾಗದ ದೇಶಗಳು ಚಿಲಿ ಮತ್ತು ಇಕ್ವಡಾರ್ ಎರಡೇ ಎಂಬುದು ನೆನಪಿತ್ತು, ಹಾಗಾಗಿ ಉಳಿದವು ಸಲೀಸಾಗಿ ಕೂತವು. ಗಯಾನಾ ಮತ್ತು ಸುರಿನಾಮ್ ಮಾತ್ರ ಅದಲುಬದಲಾಗಿದ್ದವು. ಅಕ್ಕನ ಮಗಳು ಕೆಂಪು ಪೆನ್ನಿನಲ್ಲಿ ಎರಡು ಬಾಣ ಎಳೆದು, ಕೆಳಗೆ "ಮಾಮಾ, ಇನ್ನೊಂದು ಸಲ" ಎಂದು ಬರೆದಿದ್ದಾಳೆ.